ನಿಂತು ನಿಂತು ಓಡುವ ಎಂಜಿನ್ನು

ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಮಾತ್ರ ಕೆಡುವುದನ್ನು ಸರಿಪಡಿಸುವುದೇ ಕಷ್ಟ. ಗ್ಯಾರೇಜಿಗೆ ಒಯ್ದಾಗ ಅದು ಸಾಧುವಾಗಿ ಓಡುತ್ತದೆ. ದಾರಿಯ ನಡುವೆ ಮತ್ತೆ ನಿಲ್ಲುತ್ತದೆ. ಇಂಥ ದೋಷವನ್ನು ಪತ್ತೆಹಚ್ಚುವ ಕ್ರಮವು ನಾವು ತರಗತಿಯಲ್ಲಿ ಓದುವ ತರ್ಕಶಾಸ್ತ್ರಕ್ಕೆ ಬಲು ಹತ್ತಿರವಾದುದು.

ಪೆಟ್ರೋಲ್ ಎಂಜಿನ್ನು ಓಡಲು ಮೂರು ಬೇಕು: ಗಾಳಿಯೊಡನೆ ಬೆರೆತ ಪೆಟ್ರೋಲು, ಸಿಲಿಂಡರಿನೊಳಗಿನ ಒತ್ತಡ, ಸರಿಯಾದ ಕ್ಷಣಕ್ಕೆ ಹಾರುವ ಕಿಡಿ. ಒತ್ತಡ ತಗ್ಗುವುದು ಸಾಮಾನ್ಯವಾಗಿ ಸವೆತದಿಂದ. ಅದು ಅರ್ಧ ಗಂಟೆಯಲ್ಲಿ ಹೋಗಿ ಮರಳುವಂಥದಲ್ಲ. ಆದುದರಿಂದ ಸಂಶಯವೆಲ್ಲ ಪೆಟ್ರೋಲು ಮತ್ತು ಕಿಡಿಗಳ ಮೇಲೆಯೇ.

ಪಾಲಹಳ್ಳಿಯ ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ನನ್ನ ಫೀಜಿನ ಹಣ ಚಿಕ್ಕಪ್ಪನ ಹಳೆಯ ವ್ಯಾನಿನ ದುಡಿಮೆ. ಮೈಸೂರಿನ ಮಾರುಕಟ್ಟೆಗೆ ತರಕಾರಿ ಒಯ್ಯುವಾಗ ಅದು ಅರ್ಧ ದಾರಿಯಲ್ಲಿ ನಿಲ್ಲುವುದು. ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ಹೊರಡುವುದು. ಅಷ್ಟರಲ್ಲಿ ಸೊಪ್ಪು ಬಾಡಿ ಬೆಲೆ ಇಳಿದಿರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಪ್ಲಗ್ಗು, ಕಾಯಿಲು ಎಲ್ಲವನ್ನೂ ಊಹೆಯಿಂದಲೇ ಬದಲಾಯಿಸಿದರು. ಹಣ ಹೋಯಿತು, ರೋಗ ಹೋಗಲಿಲ್ಲ.

ಊಹೆಗೆ ಆಧಾರವಿರಲಿಲ್ಲವೆಂದಲ್ಲ. ಕಾಯಿಲು ಬಿಸಿಯೇರಿದಾಗ ಒಳಗಿನ ತಂತಿಯ ಸಂಪರ್ಕ ತಪ್ಪಿ ಕಿಡಿ ನಿಲ್ಲಬಹುದು. ಆರಿದೊಡನೆ ಮತ್ತೆ ಬರಬಹುದು. ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡರೂ ಲಕ್ಷಣ ಇದೇ. ಪೆಟ್ರೋಲು ಖರ್ಚಾದಷ್ಟು ಗಾಳಿ ಒಳಬರದೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತದೆ. ಪಂಪು ಎಳೆದರೂ ಪೆಟ್ರೋಲು ಬಾರದು. ಗಾಳಿ ಮೆಲ್ಲನೆ ನುಸುಳಿದ ಮೇಲೆ ಎಂಜಿನ್ನು ಹೊರಡುತ್ತದೆ.

ಹಾಗಾದರೆ ಇವೆರಡನ್ನು ಬೇರ್ಪಡಿಸುವುದೆಂತು? ಶ್ರೀರಂಗಪಟ್ಟಣದ ವೃದ್ಧ ಮೇಸ್ತ್ರಿಯೊಬ್ಬರು, "ನಿಂತ ಜಾಗದಲ್ಲೇ ನೋಡಬೇಕಪ್ಪ, ತಣ್ಣಗಾದ ಮೇಲೆ ನೋಡಿ ಫಲವಿಲ್ಲ" ಎಂದು ತಾವೇ ವ್ಯಾನು ಹತ್ತಿದರು. ಅದು ನಿಂತೊಡನೆ ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಪೆಟ್ರೋಲಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಲು ಹೇಳಿದರು. ಕಿಡಿ ಚೆನ್ನಾಗಿತ್ತು, ಕಾಯಿಲು ನಿರಪರಾಧಿ. ಬಳಿಕ ಟ್ಯಾಂಕಿನ ಮುಚ್ಚಳ ತೆರೆದರು. 'ಸುಸ್' ಎಂದು ಗಾಳಿ ಒಳನುಗ್ಗಿತು. ತುಸು ಹೊತ್ತಿನಲ್ಲೇ ಎಂಜಿನ್ನು ಹೊರಟಿತು. ರಂಧ್ರದ ಧೂಳು ತೆಗೆದುದೇ ಚಿಕಿತ್ಸೆ.

ಜಾನ್ ಸ್ಟೂವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ವ್ಯತಿರೇಕ ವಿಧಾನವೂ ಇದೇ: ಉಳಿದೆಲ್ಲವೂ ಹಾಗೆಯೇ ಇದ್ದು ಒಂದನ್ನು ಮಾತ್ರ ಬದಲಿಸಿದಾಗ ಫಲ ಬದಲಾದರೆ, ಕಾರಣ ಅಲ್ಲಿದೆ. ಇಂದಿನ ಕಾರುಗಳಲ್ಲಿ ಕಾರ್ಬುರೇಟರ್ ಇಲ್ಲ. ಕಂಪ್ಯೂಟರು ಅನೇಕ ದೋಷಗಳ ಸಂಕೇತವನ್ನು ದಾಖಲಿಸಿಡುತ್ತದೆ. ಆದರೂ ಸಂಕೇತವು ಸಂಶಯದ ದಿಕ್ಕನ್ನು ತೋರಿಸುವುದೇ ಹೊರತು ತೀರ್ಪು ಕೊಡದು. ಪರೀಕ್ಷೆ ಮನುಷ್ಯನೇ ಮಾಡಬೇಕು.

ಒಂದೇ ಲಕ್ಷಣಕ್ಕೆ ಎರಡು ಕಾರಣಗಳಿರಬಹುದು. ಅವನ್ನು ಬೇರ್ಪಡಿಸುವ ಪ್ರಶ್ನೆಯನ್ನು ಮೊದಲು ಕೇಳಿ, ಆಮೇಲೆ ಸ್ಪ್ಯಾನರಿಗೆ ಕೈಹಾಕುವುದು ಜಾಣತನ. ತರ್ಕವು ಪರೀಕ್ಷೆಯ ಕೊಠಡಿಗಷ್ಟೇ ಮೀಸಲಲ್ಲ. ಬಡವನ ದಿನಗೂಲಿಯನ್ನೂ ಅದು ಉಳಿಸಬಲ್ಲುದು.