ಅಜ್ಜಿಯ ಮಡಿ ಲಂಡನ್ನಿಗೆ ಹೋದದ್ದು

ಪುಟ ತಿರುಗಿಸುತ್ತಿದ್ದ ಕೈ ಅಲ್ಲೇ ನಿಂತಿತು. ಬ್ರಿಟಿಷ್ ವಿದ್ವಾಂಸೆ ಮೇರಿ ಡಗ್ಲಾಸ್ 1966ರಲ್ಲಿ ಹೊರತಂದ ‘ಪ್ಯೂರಿಟಿ ಅಂಡ್ ಡೇಂಜರ್’ ಅದು. ಮನುಷ್ಯ ಯಾಕೆ ಒಂದನ್ನು ಶುದ್ಧ, ಇನ್ನೊಂದನ್ನು ಹೊಲಸು ಅನ್ನುತ್ತಾನೆ ಎಂದು ಕೇಳುವ ಪುಸ್ತಕ; ಸಮಾಜದ ಬಗ್ಗೆ ಓದುವವರು ಇವತ್ತಿಗೂ ಬಿಡದೆ ಓದುವಂಥದ್ದು. ಅದರಲ್ಲಿ ಕಾಂಗೋದ ಲೇಲೆ ಜನ ಇರುತ್ತಾರೆ, ಅವರ ಚಿಪ್ಪುಹಂದಿ ಇರುತ್ತದೆ, ಯಹೂದಿಗಳ ಊಟದ ಕಟ್ಟಳೆ ಇರುತ್ತದೆ ಎಂದೆಲ್ಲ ಕೇಳಿದ್ದೆ. ಆದರೆ ಮೊದಲ ಕೆಲವು ಪುಟಗಳಲ್ಲೇ, ಇಂಗ್ಲಿಷ್ ಸಾಲುಗಳ ನಡುವೆ, ‘ಹವೀಕ್’ ಎಂಬ ಶಬ್ದ! ಹವೀಕ್ ಅಂದರೆ ಹವ್ಯಕ. ಹವ್ಯಕರೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ತೋಟಿಗ ಬ್ರಾಹ್ಮಣರು. ಅಂದರೆ ನನ್ನ ಅಜ್ಜಿ!

ಉಸಿರು ಬಿಗಿಹಿಡಿದು ಮುಂದೆ ಓದಿದೆ. ಬೆರಳು ಅಕಸ್ಮಾತ್ ತುಟಿಗೆ ತಾಗಿದರೂ ಮೀಯಬೇಕು, ಇಲ್ಲವೇ ಬಟ್ಟೆಯನ್ನಾದರೂ ಬದಲಿಸಬೇಕು. ತೋಟದಲ್ಲಿ ಅಸ್ಪೃಶ್ಯನೆನ್ನಿಸಿಕೊಂಡ ಆಳಿನ ಜೊತೆ ಕೆಲಸ ಮಾಡುವಾಗ ಒಂದೇ ಹಗ್ಗವನ್ನೋ ಬಿದಿರನ್ನೋ ಇಬ್ಬರೂ ಏಕಕಾಲಕ್ಕೆ ಮುಟ್ಟಿದರೆ ಮೈಲಿಗೆ. ಹಗ್ಗ ಅದೇ, ಕೈಗಳೂ ಅವೇ. ಒಬ್ಬ ಬಿಟ್ಟಮೇಲೆ ಇನ್ನೊಬ್ಬ ಹಿಡಿದರೆ ಆ ದೋಷವಿಲ್ಲ! ಅಜ್ಜಿ ಒಲೆಯ ಮುಂದೆ ಕೂತು “ಎಂಜಲು ಕೈಯಲ್ಲಿ ಮುಟ್ಟಡ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ಲಂಡನ್ನಿನಲ್ಲಿ ಅಚ್ಚಾಗಿ, ಜಗತ್ತಿನ ಗ್ರಂಥಾಲಯಗಳಲ್ಲೆಲ್ಲ ಕೂತಿದೆ.

ಇದು ಅಲ್ಲಿಗೆ ಹೋದದ್ದು ಹೇಗೆ? ಎಡ್ವರ್ಡ್ ಹಾರ್ಪರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞನ ಮೂಲಕ. 1950ರ ದಶಕದಲ್ಲಿ ಆತ ನಮ್ಮ ಉತ್ತರ ಕನ್ನಡದ ಗಡಿಯಾಚೆಯ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಯೊಂದರಲ್ಲಿ ಕೂತ. ಹಳ್ಳಿಯ ನಿಜ ಹೆಸರು ಮುಚ್ಚಿಟ್ಟು ‘ತೋಟಗದ್ದೆ’ ಎಂದು ಕರೆದ. (ತೋಟವೂ ಗದ್ದೆಯೂ ಇಲ್ಲದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ಗುಟ್ಟು ಕಾಯಲು ಇದಕ್ಕಿಂತ ಒಳ್ಳೆಯ ಹೆಸರಿಲ್ಲ.) 1964ರಲ್ಲಿ ಬಂದ ಅವನ ಲೇಖನದಲ್ಲಿ ಮೂರು ಶಬ್ದಗಳು ಕನ್ನಡದಲ್ಲೇ ನಿಂತಿವೆ: ಮಡಿ, ಮೈಲಿಗೆ, ಮುಟ್ಟುಚಟ್ಟು. ಮಿಂದು ಮಡಿಯುಟ್ಟು ದೇವರ ಮುಂದೆ ನಿಂತಿರುವುದು ಒಂದು ಸ್ಥಿತಿ, ದಿನದ ಓಡಾಟದ್ದು ಎರಡನೆಯದು, ಮುಟ್ಟಬಾರದ್ದನ್ನು ಮುಟ್ಟಿದ್ದು ಮೂರನೆಯದು. ಡಗ್ಲಾಸ್ ಈ ಲೆಕ್ಕವನ್ನೇ ಎತ್ತಿಕೊಂಡಳು.

ಸೆಗಣಿಯ ಮಾತಂತೂ ಅದ್ಭುತ! ಆಕೆಗಿಂತ ಮುಂಚಿನವರು, ಹಳೆಯ ಜನಾಂಗಗಳಿಗೆ ಪವಿತ್ರ ಯಾವುದು ಹೊಲಸು ಯಾವುದು ಎಂಬುದೇ ತಿಳಿಯದೆ ಎರಡನ್ನೂ ಕಲಸಿಬಿಟ್ಟಿದ್ದಾರೆ ಎನ್ನುತ್ತಿದ್ದರು. ಹಾರ್ಪರ್ ಬೇರೆಯೇ ಕಂಡ. ದನವೂ ಸೆಗಣಿ ಹಾಕುತ್ತದೆ, ಅದೂ ಹೊಲಸೇ; ಆದರೆ ದನದ ಅತಿ ಕೆಳಗಿನದ್ದೂ ಮನುಷ್ಯನಿಗೆ, ಪುರೋಹಿತನಿಗೂ, ಮೇಲಿನದ್ದು. ಆದ್ದರಿಂದಲೇ ಅದು ಅವನ ಮೈಲಿಗೆ ಕಳೆಯುತ್ತದೆ. ಶುದ್ಧಿ ವಸ್ತುವಿನೊಳಗಿಲ್ಲ, ಯಾವುದರ ಪಕ್ಕಕ್ಕೆ ಯಾವುದನ್ನು ಇಟ್ಟಿದ್ದೀರಿ ಎಂಬುದರಲ್ಲಿದೆ. ಅಂಗಳ ಸಾರಿಸುವಾಗ ನಮ್ಮ ತಲೆಗೆ ಒಮ್ಮೆಯಾದರೂ ಇದು ಹೊಳೆದಿತ್ತೇ!

ಅಜ್ಜಿಗೆ ಫೋನು ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಅಜ್ಜಿ ನಕ್ಕಳು. “ಇಷ್ಟು ತಿಳ್ಕಂಬಲೆ ಅಮೇರಿಕಾದಿಂದ ಬರವನಾ ತಮಾ?”

ಬರಬೇಕಾಯಿತು ಅನ್ನುತ್ತೇನೆ ನಾನು. ಸಮಾಜಶಾಸ್ತ್ರ ಹುಟ್ಟಿದ್ದೇ ಹಾಗೆ: ಎಲ್ಲರಿಗೂ ಗೊತ್ತಿರುವುದನ್ನು ಗೊತ್ತಿಲ್ಲದವನ ಹಾಗೆ ಕೇಳುವುದರಿಂದ. ಫ್ರಾನ್ಸಿನ ಆಗಸ್ಟ್ ಕಾಂಟ್ ಈ ಶಾಸ್ತ್ರಕ್ಕೆ ಹೆಸರಿಟ್ಟದ್ದು 1830ರ ದಶಕದ ಕೊನೆಗೆ. ಎಮಿಲ್ ದರ್ಖೈಮ್ ಆತ್ಮಹತ್ಯೆಯಂಥ ಒಂಟಿ ದುಃಖದಲ್ಲೂ ಸಮಾಜದ ಕೈವಾಡವಿದೆ ಎಂದು ಅಂಕಿಸಂಖ್ಯೆ ಜೋಡಿಸಿ ತೋರಿಸಿದ್ದು 1897ರಲ್ಲಿ. ಆದರೆ ನೋಡಿ, ಶಾಸ್ತ್ರಕ್ಕೆ ಹೆಸರೇ ಇಲ್ಲದ ಕಾಲದಲ್ಲಿ, 1801ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಯ ದಾರಿಯಲ್ಲಿ ಬರೆದುಕೊಳ್ಳುತ್ತ ನಡೆದಿದ್ದ! ಕಂಪನಿ ಸರಕಾರದ ಆಜ್ಞೆಯಂತೆ ಮದ್ರಾಸಿನಿಂದ ಹೊರಟವನು. ಅಡಿಕೆ, ಕಾಳುಮೆಣಸು, ಗೇಣಿ, ಜಾತಿ ಎಲ್ಲವನ್ನೂ ಕೇಳಿ ದಾಖಲಿಸಿದ. ಲಂಡನ್ನಿನಲ್ಲಿ ಮೂರು ಸಂಪುಟವಾಗಿ 1807ರಲ್ಲಿ ಅಚ್ಚಾಯಿತು. ಅದು ಕಂದಾಯದವರ ಕುತೂಹಲ, ಶಾಸ್ತ್ರವಲ್ಲ. ಆದರೂ ಕೇಳುವ ಚಾಳಿ ನಮ್ಮ ಘಟ್ಟಕ್ಕೆ ಎಷ್ಟು ಬೇಗ ಬಂತು!

ಮಡಿಗಿಂತಲೂ ನನ್ನನ್ನು ಬೆಚ್ಚಿಬೀಳಿಸಿದ್ದು ಹಾರ್ಪರ್‌ನ ಇನ್ನೊಂದು ಲೇಖನ, 1959ರದ್ದು. ಉತ್ತರ ಪ್ರದೇಶದ ಹಳ್ಳಿಯೊಂದನ್ನು ನೋಡಿ ವಿಲಿಯಂ ವೈಸರ್ 1936ರಲ್ಲಿ ‘ಜಜಮಾನಿ’ ಪದ್ಧತಿಯ ಚಿತ್ರ ಕೊಟ್ಟಿದ್ದ. ಕ್ಷೌರಿಕ, ಬಡಗಿ, ಅಗಸ ಎಲ್ಲರಿಗೂ ತಲೆಮಾರಿನಿಂದ ಬಂದ ಮನೆಗಳು. ಕೆಲಸಕ್ಕೆ ವರ್ಷಕ್ಕಿಷ್ಟು ಕಾಳು. ನಮ್ಮ ಬಯಲುಸೀಮೆಯ ಆಯಗಾರರನ್ನು ನೆನೆಸಿಕೊಳ್ಳಿ, ಅದೇ. ಭಾರತದ ಹಳ್ಳಿಯೆಂದರೆ ಇಷ್ಟೇ ಎಂದು ಪಂಡಿತರು ನಂಬುತ್ತಿದ್ದ ಹೊತ್ತಿಗೆ ಹಾರ್ಪರ್ ಅಂದ: ಮಲೆನಾಡಿನಲ್ಲಿ ಹಾಗಿಲ್ಲ! ಇಲ್ಲಿ ಅಡಿಕೆ. ಅಡಿಕೆ ತಿಂದು ಹೊಟ್ಟೆ ತುಂಬುವುದಿಲ್ಲ, ಮಾರಲೇಬೇಕು, ಪೇಟೆಯಿಂದ ಹಣ ಬರುತ್ತದೆ. ಹಾಗಾಗಿ ಕೆಲಸಕ್ಕೆ ಇಷ್ಟು, ದಿನಕ್ಕೆ ಇಷ್ಟು ಎಂಬ ಲೆಕ್ಕ. ಒಂದು ಮರದ ಕಾಯಿ ಇಡೀ ಸಿದ್ಧಾಂತವನ್ನು ಅಲ್ಲಾಡಿಸಿತು! ಶಿರಸಿಯ ತೋಟಿಗರು 1923ರಲ್ಲೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡದ್ದು ಯಾಕೆಂಬುದು ಈ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ.

ಇಲ್ಲಿ ನನ್ನ ಬೆರಗು ಸ್ವಲ್ಪ ಮುಗ್ಗರಿಸುತ್ತದೆ. ಆ ಹಗ್ಗದ ಇನ್ನೊಂದು ತುದಿ ಹಿಡಿದವನು ಯಾರು? ಡಗ್ಲಾಸಳ ಪುಟದಲ್ಲಿ ಅವನು ಆಳು, ಅಷ್ಟೆ. ನನ್ನ ಅಜ್ಜಿಗೆ ನಿಯಮವಾಗಿದ್ದದ್ದು ಅವನಿಗೆ ಅವಮಾನ. ಹಾರ್ಪರ್ ಮಾತ್ರ ಅವನ ಬಳಿಗೂ ಹೋದ: ಅದೇ ಮಲೆನಾಡಿನ ಹೊಲೆಯರ ಮೇಲೇಳುವ ಪ್ರಯತ್ನವೊಂದು ಫಲಿಸದೆ ಹೋದದ್ದರ ಬಗ್ಗೆ 1968ರಲ್ಲಿ ಬರೆದ. ಅದನ್ನು ಓದುವವರು ಕಡಿಮೆ. ಮಡಿಯ ಲೇಖನದಷ್ಟು ಚೆಂದವಲ್ಲವಲ್ಲ! ಇನ್ನು ಒಳಮನೆಯ ಹೆಂಗಸರ ಮಾತು ಕೇಳಲು ಮಾನವಶಾಸ್ತ್ರಜ್ಞೆ ಹೆಲೆನ್ ಉಲ್‌ರಿಚ್ ಬಂದಳು. 1964ರಿಂದ ಅದೇ ‘ತೋಟಗದ್ದೆ’ಗೆ ಅರ್ಧ ಶತಮಾನ ಮತ್ತೆ ಮತ್ತೆ ಮರಳಿ, 2017ರಲ್ಲಿ ಆ ಹೆಂಗಸರದ್ದೇ ಪುಸ್ತಕ ಮಾಡಿದಳು. ಒಂದು ಊರಿಗೆ ಇಷ್ಟು ನಿಷ್ಠೆ ನಮ್ಮಲ್ಲಿ ಹುಟ್ಟಿದವರಿಗೇ ಇಲ್ಲ. ನಾನೇ ಹಬ್ಬಕ್ಕೆ ಎರಡು ದಿನ ಹೋಗುವವನು.

ನಮ್ಮ ಸೀಮೆಯಲ್ಲಿ ಇಂಥ ಓದಿಗೆ ಸಿಕ್ಕವರು ತೋಟದವರಷ್ಟೇ ಅಲ್ಲ. ಯಲ್ಲಾಪುರದ ಕಾಡಂಚಿಗೆ ಬನ್ನಿ, ಇನ್ನೊಂದು ಅಚ್ಚರಿ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ಎಲ್ಲರೂ ಸಿದ್ದಿಗಳೇ. ವಿದ್ವಾಂಸ ಟಿ.ಸಿ. ಪಾಲಾಕ್ಷಪ್ಪ 1976ರಲ್ಲೇ ಅವರ ಮೇಲೆ ಪುಸ್ತಕ ಬರೆದರು, ಮುಂದೆ ಮುಂಡಗೋಡಿನ ಟಿಬೆಟನ್ನರ ಮೇಲೂ ಬರೆದರು. ಇಲ್ಲಿನ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಈಗ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಕೂಲಿ ಲೆಕ್ಕದ ಪುಸ್ತಕ ಇರಬಹುದು: ಕೊನೆ ಕೊಯ್ದವನಿಗೆ ಎಷ್ಟು, ಅಡಿಕೆ ಸುಲಿದವಳಿಗೆ ಎಷ್ಟು, ಯಾರ ಸಾಲ ಎಲ್ಲಿಗೆ ಬಂತು ಎಂದು ಬರೆದದ್ದು. ಹಗ್ಗದ ಆ ತುದಿಯವರ ಹೆಸರು ಇರುವುದು ಅದರಲ್ಲಿ. ದಯವಿಟ್ಟು ರದ್ದಿಯವನಿಗೆ ಕೊಡಬೇಡಿ.