ಗೆದ್ದೆತ್ತಿನ ಬಾಲ ಹಿಡಿಯದವರು

ಗೆದ್ದೆತ್ತಿನ ಬಾಲ ಹಿಡಿಯುವುದೆಂದು ನಮ್ಮಲ್ಲಿ ಒಂದು ಮಾತುಂಟು. ಪಂದ್ಯದಲ್ಲಿ ಯಾವ ಎತ್ತು ಮುಂದೆ ಬಂದಿತೋ ಅದರ ಬಾಲ ಹಿಡಿದು 'ಇದು ನಮ್ಮದೇ' ಎಂದು ಕುಣಿಯುವವನನ್ನು ಕುರಿತು ಹಿರಿಯರು ಆಡುವ ಮಾತು ಅದು. ಆ ಎತ್ತಿಗೆ ಹುಲ್ಲು ಹಾಕಿದವನು, ನೀರು ಕುಡಿಸಿದವನು, ಕಳೆದ ವರುಷ ಅದು ಸೋತಾಗ ಮೈ ತಿಕ್ಕಿ ಮನೆಗೆ ಕರೆತಂದವನು ಬೇರೆಯೇ ಇರುತ್ತಾನೆ. ಒಂದು ಆಟದ ತಂಡಕ್ಕೂ ಇಂಥ ಎರಡು ಬಗೆಯ ಜನರಿರುತ್ತಾರೆ. ಎರಡನೆಯ ಬಗೆಯವರು ಯಾರು, ಅವರು ಮಾಡುವುದೇನು, ಅದರಿಂದ ಆಟಕ್ಕೂ ನಾಡಿಗೂ ಏನು ಪ್ರಯೋಜನ ಎಂಬುದನ್ನು ಬೆಂಗಳೂರಿನ ಒಂದು ಕಾಲ್ಚೆಂಡಿನ ತಂಡದ ಉದಾಹರಣೆಯಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಇಂಗ್ಲಿಷಿನವರು 'ಫ್ಯಾನ್' ಎನ್ನುವವನನ್ನು ನಾವು 'ಅಭಿಮಾನಿ' ಎನ್ನುತ್ತೇವೆ. ನಮ್ಮ ಪದದಲ್ಲಿ ಪ್ರೀತಿಯೂ ಇದೆ, ಹೆಮ್ಮೆಯೂ ಇದೆ. ಡಾ. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳೇ' ಎಂದು ಕರೆದುದು ಎಲ್ಲರಿಗೂ ತಿಳಿದ ಸಂಗತಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಮ್ಮ ಊರುಗಳಲ್ಲಿ ಚಿತ್ರನಟರ ಅಭಿಮಾನಿ ಸಂಘಗಳ ಫಲಕಗಳಿಗೆ ಕೊರತೆಯಿಲ್ಲ. ಆದರೆ ಚಿತ್ರದ ಅಭಿಮಾನಿಗೂ ತಂಡದ ಅಭಿಮಾನಿಗೂ ಒಂದು ದೊಡ್ಡ ಅಂತರವುಂಟು. ಚಿತ್ರದ ಕೊನೆಯನ್ನು ನಿರ್ದೇಶಕನು ಮೊದಲೇ ಬರೆದಿಟ್ಟಿರುತ್ತಾನೆ. ನಾವು ಎಷ್ಟು ಶಿಳ್ಳೆ ಹಾಕಿದರೂ ಅದು ಬದಲಾಗದು, ನಾಯಕನು ಗೆದ್ದೇ ಗೆಲ್ಲುತ್ತಾನೆ. ಆಟದಲ್ಲಿ ಹಾಗಲ್ಲ. ಅಲ್ಲಿ ನಾಯಕನು ಸೋಲಬಹುದು, ವರುಷವಿಡೀ ಸೋಲುತ್ತಲೇ ಇರಬಹುದು. ಆದುದರಿಂದ ತಂಡದ ಅಭಿಮಾನಕ್ಕೆ ತಾಳ್ಮೆ ಬೇಕು.

ನಮ್ಮ ನಾಡಿಗೆ ಕಾಲ್ಚೆಂಡಾಟ ಹೊಸತೆಂದು ಯಾರೂ ತಿಳಿಯಬಾರದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತೀಯರ ತಂಡವೊಂದು ಆ ಕಪ್ಪನ್ನು ಗೆದ್ದುದು ಅದೇ ಮೊದಲು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸಿನ ಎದುರು ಆಡಿ 1-2ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ 1968-69ರ ವೇಳೆಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ತಂದಿತು. ಬಳಿಕ 54 ವರುಷ ಅದು ನಮ್ಮ ಕಡೆ ಸುಳಿಯಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಿತು. ಆ ಬೆಳಿಗ್ಗೆ ನಮ್ಮ ಹಾಸ್ಟೆಲಿನಲ್ಲಿ ಎಷ್ಟು ಮಂದಿಗೆ ಈ ಸುದ್ದಿ ಗೊತ್ತಿದ್ದೀತು? ಸ್ಪೇನಿನ, ಇಂಗ್ಲೆಂಡಿನ ತಂಡಗಳ ಅಂಗಿ ತೊಟ್ಟವರು ನಮ್ಮಲ್ಲಿ ಹಲವರಿದ್ದಾರೆ, ಅದು ತಪ್ಪಲ್ಲ. ಆದರೆ ಮನೆಯ ಅಂಗಳದ ಮಲ್ಲಿಗೆಯನ್ನು ಮರೆತವನು ಊರಾಚೆಯ ಹೂವನ್ನು ಹೊಗಳಿದರೆ ಹೂವಿನ ಹಡಗಲಿಯವರು ನಗದೆ ಇದ್ದಾರೆಯೆ?

ಈಗ ಪ್ರಸ್ತುತ ವಿಷಯಕ್ಕೆ ಬರೋಣ. 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ತಂಡ ಹುಟ್ಟಿತು. ಅದರ ಮೊದಲ ಲೀಗ್ ಪಂದ್ಯ ಆ ವರುಷದ ಸೆಪ್ಟೆಂಬರ್ 22ರಂದು, ಕಲ್ಕತ್ತೆಯ ಹಳೆಯ ಹುಲಿ ಮೋಹನ್ ಬಾಗಾನಿನ ಎದುರು ನಡೆದು 1-1ರಲ್ಲಿ ಸಮವಾಯಿತು. ಆಗ ತಂಡ ಆಡುತ್ತಿದ್ದುದು ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿಯ ಪಶ್ಚಿಮದ ಗ್ಯಾಲರಿಯಲ್ಲಿ ಗುಂಪು ಕೂಡಿದ ಕೆಲವರು ತಮ್ಮನ್ನು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಕರೆದುಕೊಂಡರು. ನೀಲಿ ತಂಡದ ಬಣ್ಣ, ಪಶ್ಚಿಮ ಅವರು ನಿಂತ ದಿಕ್ಕು. ಮೊದಲ ವರುಷವೇ ತಂಡ ಐ-ಲೀಗನ್ನು ಗೆದ್ದಿತು. ಮುಂದೆ ಆಟ ಕಂಠೀರವ ಕ್ರೀಡಾಂಗಣಕ್ಕೆ ವರ್ಗವಾದರೂ ಗುಂಪು ತನ್ನ ಹಳೆಯ ಹೆಸರನ್ನು ಬಿಡಲಿಲ್ಲ.

ಈ ಗುಂಪಿನ ಕೆಲಸವೇನು? ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿರುವ ನಮ್ಮ ಸೋದರತ್ತೆಯ ಮಗನೊಡನೆ ನಾನೊಮ್ಮೆ ಕಂಠೀರವಕ್ಕೆ ಹೋಗಿದ್ದಾಗ ಕಣ್ಣಾರೆ ನೋಡಿದೆ. ಮೊದಲನೆಯದಾಗಿ, ಅವರು ಕೂರುವುದಿಲ್ಲ. ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ. ಎರಡನೆಯದಾಗಿ, ಅವರ ಕೂಗಿಗೆ ಕ್ರಮವಿದೆ. ಒಬ್ಬನು ಆಟಕ್ಕೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ನಿಂತು ಹಾಡನ್ನೆತ್ತುತ್ತಾನೆ. ಡೋಲು ಲಯ ಹಿಡಿಯುತ್ತದೆ. ಉಳಿದವರು ಮೇಳದಂತೆ ಎತ್ತಿಕೊಳ್ಳುತ್ತಾರೆ. ನಮ್ಮ ಬಯಲಾಟದಲ್ಲಿ ಭಾಗವತನೂ ಹಿಮ್ಮೇಳದವರೂ ಇರುವಂತೆಯೇ ಇದು. ಹಾಡನ್ನೆತ್ತುವವನು ಪಂದ್ಯದ ಬಹುಭಾಗವನ್ನು ನೋಡುವುದೇ ಇಲ್ಲ! ಹಣ ಕೊಟ್ಟು ಟಿಕೆಟು ಕೊಂಡವನು ಆಟಕ್ಕೆ ಬೆನ್ನು ಮಾಡಿ ನಿಲ್ಲುವುದನ್ನು ಕಂಡಾಗ, ಕೊಟ್ಟೂರಿನ ತೇರಿನ ಗಾಲಿಗೆ ಸನ್ನೆ ಹಾಕುವವರು ನನ್ನ ನೆನಪಿಗೆ ಬಂದರು. ಸಾವಿರಾರು ಜನ ತಲೆಯೆತ್ತಿ ಕಳಸವನ್ನು ನೋಡುತ್ತಿರುವಾಗ ಅವರು ಬಗ್ಗಿ ಗಾಲಿಯನ್ನೇ ನೋಡುತ್ತಿರುತ್ತಾರೆ. ಮೂರನೆಯದಾಗಿ, ತಂಡ ಪರಸ್ಥಳದಲ್ಲಿ ಆಡುವಾಗ ಕೆಲವರು ಕೈಯಿಂದ ಖರ್ಚು ಮಾಡಿಕೊಂಡು ಅಲ್ಲಿಗೂ ಹೋಗುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ದೂರದೂರದಿಂದ ನಡೆದು ಬರುವ ಪಾದಯಾತ್ರಿಗಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೋಡಿದ ಆ ಪಂದ್ಯದಲ್ಲಿ ತಂಡ ಸೋತಿತು. ಎದ್ದು ಹೋಗೋಣವೆಂದು ನಾನು ಹೊರಟಾಗ ಅತ್ತೆಯ ಮಗ ತೋಳು ಹಿಡಿದು ನಿಲ್ಲಿಸಿದ. "ತಡಿಯಪ್ಪಾ, ಅವರು ಬರ್ತಾರ" ಎಂದ. ಆಟಗಾರರು ತಲೆ ತಗ್ಗಿಸಿಕೊಂಡು ಆ ಗ್ಯಾಲರಿಯ ಮುಂದಕ್ಕೆ ಬಂದರು. ಜನ ಅವರಿಗೆ ಚಪ್ಪಾಳೆ ತಟ್ಟಿದರು, ಅವರೂ ಜನರಿಗೆ ತಟ್ಟಿದರು. ಗೆದ್ದ ದಿನದ ಚಪ್ಪಾಳೆಯನ್ನು ನಾನು ಹಲವೆಡೆ ಕೇಳಿದ್ದೆ. ಸೋತ ದಿನದ ಚಪ್ಪಾಳೆಯನ್ನು ಕೇಳಿದ್ದು ಅದೇ ಮೊದಲು.

ಹೀಗೆ ಕೂಗುವುದರಿಂದ ಚೆಂಡೇನು ಗೋಲಿನೊಳಕ್ಕೆ ಹೋದೀತೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ತವರಿನಲ್ಲಿ ಆಡುವ ತಂಡ ಹೆಚ್ಚು ಸಲ ಗೆಲ್ಲುತ್ತದೆಂಬುದು ಹಳೆಯ ಅನುಭವ. ಅದಕ್ಕೆ ನೆಲದ ಪರಿಚಯ ಕಾರಣವೋ, ಪ್ರಯಾಣದ ಆಯಾಸವಿಲ್ಲದಿರುವುದು ಕಾರಣವೋ, ಜನರ ಕೂಗು ಕಾರಣವೋ ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. 2020ರಲ್ಲಿ ಕೊರೋನಾ ಬಂದು ಯೂರೋಪಿನ ಆಟಗಳೆಲ್ಲ ಖಾಲಿ ಕ್ರೀಡಾಂಗಣಗಳಲ್ಲಿ ನಡೆದಾಗ ಇದಕ್ಕೊಂದು ಪರೀಕ್ಷೆ ತಾನಾಗಿ ಒದಗಿತು. ನೆಲ ಅದೇ, ಪ್ರಯಾಣ ಅದೇ, ಜನ ಮಾತ್ರ ಇಲ್ಲ. ಆಗ ತವರು ತಂಡದ ಮೇಲುಗೈ ಕಡಿಮೆಯಾದುದನ್ನು ಅಭ್ಯಾಸಿಗಳು ಕಂಡರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಹೊರಗಿನಿಂದ ಬಂದ ತಂಡಕ್ಕೆ ತೀರ್ಪುಗಾರರು ತೋರಿಸುವ ಹಳದಿ ಚೀಟಿಗಳೂ ಕಡಿಮೆಯಾದವು. ಎಂದರೆ ಗುಂಪಿನ ಕೂಗು ಆಟಗಾರನ ಕಾಲಿಗಷ್ಟೇ ಅಲ್ಲ, ತೀರ್ಪುಗಾರನ ಕಿವಿಗೂ ತಾಗುತ್ತದೆ.

ಸೋಲು ಅಭಿಮಾನದ ಒರೆಗಲ್ಲು. 2016ರಲ್ಲಿ ಬೆಂಗಳೂರು ತಂಡ ಹಿಂದಿನ ವರುಷದ ವಿಜೇತರಾದ ಮಲೇಶಿಯದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಭಾರತದ ಬೇರಾವ ತಂಡವೂ ಅದುವರೆಗೆ ಅಷ್ಟು ದೂರ ಹೋಗಿರಲಿಲ್ಲ. ದೋಹಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು ಒಂದು ಗೋಲಿನಿಂದ ಸೋತಿತು. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ಬೆಂಗಳೂರಿನಲ್ಲೇ ನಡೆದು, ತವರಿನವರ ಕಣ್ಣೆದುರಿಗೆ ತಂಡ ಚೆನ್ನೈಯಿನ್‌ಗೆ 2-3ರಿಂದ ಸೋತಿತು. ಸರಿಯಾಗಿ ಒಂದು ವರುಷದ ಬಳಿಕ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡವನ್ನು ಹೆಚ್ಚುವರಿ ಸಮಯದ ಒಂದೇ ಗೋಲಿನಿಂದ ಸೋಲಿಸಿ ಅದೇ ಲೀಗನ್ನು ಗೆದ್ದಿತು. ಮೊದಲನೆಯ ಮಾರ್ಚ್ 17ರಂದು ಅತ್ತವನಿಗೆ ಮಾತ್ರ ಎರಡನೆಯದರ ರುಚಿ ಪೂರ್ತಿ ತಿಳಿದೀತು.

ಈ ತಂಡಕ್ಕೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ತಂಡದ ಒಡೆಯರಾದ ಜಿಂದಾಲ್ ಸಂಸ್ಥೆಯವರ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ಕೂಡ್ಲಿಗಿಗೆ ನೆರೆಯ ತಾಲ್ಲೂಕಾದ ಸಂಡೂರಿನ ತೋರಣಗಲ್ಲಿನಲ್ಲಿ. ಅಲ್ಲಿಯೇ 2018ರಲ್ಲಿ ಅವರ ಕ್ರೀಡಾ ತರಬೇತಿ ಸಂಸ್ಥೆ ಉದ್ಘಾಟನೆಯಾಯಿತು. ತಂಡದ ಎಳೆಯ ಆಟಗಾರರಿಗೆ ವಸತಿ ಶಾಲೆ ನಡೆದದ್ದೂ ಅಲ್ಲಿಯೇ. ಈಶಾನ್ಯದ ಗುಡ್ಡಗಾಡಿನಿಂದ ಬಂದ ಹುಡುಗರು ನಮ್ಮ ಬಿಸಿಲಿನಲ್ಲಿ, ನಮ್ಮ ಕೆಂಪು ಧೂಳಿನ ನಡುವೆ ಆಟ ಕಲಿತರು. ಬೆಂಗಳೂರಿನ ತಂಡದ ಬೇರೊಂದು ನಮ್ಮ ಮಣ್ಣಿನಲ್ಲಿಯೂ ಇಳಿದಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಆದರೆ ಒಡೆಯನು ಒಬ್ಬನಾದರೆ ತಂಡ ಯಾರದು? 2025ರ ಜುಲೈಯಲ್ಲಿ, ಲೀಗನ್ನು ನಡೆಸುವ ಒಪ್ಪಂದ ಇತ್ಯರ್ಥವಾಗದೆ ಮುಂದಿನ ಋತುವಿನ ಆಟವನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ತಂಡದವರು ತಮ್ಮ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿದರು. ಹನ್ನೆರಡು ವರುಷ ಕೂಗಿದವನಿಗೆ ಆಗ ಕೂಗಲು ಆಟವೇ ಇಲ್ಲ, ಕೇಳಲು ಮತವೂ ಇಲ್ಲ. ಜರ್ಮನಿಯಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಂಡದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಂಘದ ಕೈಯಲ್ಲಿರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ 2002ರಲ್ಲಿ ವಿಂಬಲ್ಡನ್ ತಂಡವನ್ನು ಬೇರೆ ಊರಿಗೆ ಸಾಗಿಸಲು ಅನುಮತಿ ದೊರೆತಾಗ ಅಭಿಮಾನಿಗಳೇ ಕೂಡಿ ಹೊಸ ತಂಡ ಕಟ್ಟಿದರು. ಕೆಳಗಿನ ಮೆಟ್ಟಿಲಿನಿಂದ ಏರುತ್ತ 2011ರಲ್ಲಿ ಅದು ದೊಡ್ಡ ಲೀಗಿಗೆ ಬಂದಿತು. 2020ರಲ್ಲಿ ತನ್ನ ಹಳೆಯ ಓಣಿಗೇ ಮರಳಿತು. ಒಡೆಯನು ತಂಡವನ್ನು ಮಾರಬಹುದು, ಮುಚ್ಚಬಹುದು. ಅಭಿಮಾನವನ್ನು ಮಾರಲಾರನು ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಮಾತನ್ನು ಹೇಳದೆ ಈ ವಿಷಯವನ್ನು ಮುಗಿಸುವುದು ಅನ್ಯಾಯವಾದೀತು. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಎರಡು ತಂಡಗಳ ಅಭಿಮಾನಿಗಳ ನಡುವಿನ ಗಲಭೆಯಲ್ಲಿ 16 ಮಂದಿ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡದ ಗೆಲುವನ್ನು ಕೊಂಡಾಡಲು ನೆರೆದ ಜನಸಂದಣಿಯ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಗೆದ್ದ ತಂಡವನ್ನು ನೋಡಬೇಕೆಂದು ಮನೆಯಿಂದ ಹೊರಟವರು ಮರಳಲಿಲ್ಲ. ಕಲ್ಕತ್ತೆಯವರು ಪ್ರತಿ ವರುಷ ಆ ದಿನದಂದು ರಕ್ತದಾನ ಮಾಡಿ ಸತ್ತವರನ್ನು ನೆನೆಯುತ್ತಾರೆ. ಅಭಿಮಾನದ ಹೆಸರಿನಲ್ಲಿ ಚೆಲ್ಲಿದ ರಕ್ತಕ್ಕೆ ಅಭಿಮಾನಿಗಳೇ ರಕ್ತ ಕೊಟ್ಟು ತೀರಿಸುವ ಋಣವದು.

ಹಾಗಾದರೆ ಗುಂಪಿಗೂ ಸಮುದಾಯಕ್ಕೂ ವ್ಯತ್ಯಾಸವೇನು? ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕದ ಸಂಜೆ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಆ ಇಡೀ ಸಮುದ್ರ ಮೌನವಾಗುತ್ತದೆ. ಯಾರನ್ನು ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅಲ್ಲಿ ನೆರೆದವರು ಬಲ್ಲರು. ಒಬ್ಬನ ಪಕ್ಕದಲ್ಲಿ ನಿಂತವನು ಯಾರೆಂದು ತಿಳಿದಿರುವುದು, ಹಾಡನ್ನೆತ್ತುವವನ ಮಾತು ಕೇಳುವುದು, ಬಿದ್ದವನನ್ನು ಎತ್ತುವುದು ಇವಿದ್ದರೆ ಅದು ಸಮುದಾಯ. ಇವಿಲ್ಲದಿದ್ದರೆ ಎಷ್ಟೇ ಬಣ್ಣದ ಬಾವುಟ ಹಿಡಿದರೂ ಅದು ಬರಿಯ ಗುಂಪು.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಹೊಸಪೇಟೆಯೊಡನೆ ಒಂದೇ ಜಿಲ್ಲೆಯವಾದವು. ಒಂದು ಜಿಲ್ಲೆಯೆಂಬುದು ಸರಕಾರದ ಕಾಗದದಿಂದ ಆಗುತ್ತದೆ. ಒಂದು ಜನವೆಂಬುದು ಆಗಬೇಕಾದರೆ ಒಟ್ಟಿಗೆ ಸೇರಿ ಮಾಡುವ ಕೆಲಸ ಬೇಕು. ತೇರು ಅಂಥದೊಂದು, ಆಟವೂ ಅಂಥದೊಂದು. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಪ್ರತಿ ವರುಷ ಅಂತರಕಾಲೇಜು ಪಂದ್ಯಗಳಿಗೆ ಹೋಗಿಬರುತ್ತಾರೆ. ನಮ್ಮದೇ ಮೈದಾನದಲ್ಲಿ ಆಟವಿದ್ದ ದಿನ ಗೆರೆಯಾಚೆ ನಿಂತವರನ್ನು ನಾನು ಎಣಿಸಿದ್ದುಂಟು. ಎರಡೂ ತಂಡದ ಚೀಲ ಕಾಯುವವರನ್ನು ಸೇರಿಸಿ ಹತ್ತೊಂಬತ್ತು ಮಂದಿ. 2018ರ ಜೂನಿನಲ್ಲಿ ಬೆಂಗಳೂರು ತಂಡದ ನಾಯಕ ಸುನಿಲ್ ಛೇತ್ರಿ, ದೇಶದ ತಂಡದ ಪಂದ್ಯಕ್ಕೆ ಜನ ಬಾರದಿರುವುದನ್ನು ಕಂಡು, ಬೈಯಲಿಕ್ಕಾದರೂ ಕ್ರೀಡಾಂಗಣಕ್ಕೆ ಬನ್ನಿರೆಂದು ಕೈಮುಗಿದು ಕೇಳಿಕೊಂಡರು. ಎರಡೇ ದಿನಗಳಲ್ಲಿ, ಅವರ ನೂರನೆಯ ಪಂದ್ಯಕ್ಕೆ ಮುಂಬಯಿಯ ಕ್ರೀಡಾಂಗಣ ತುಂಬಿತು.

ನಮ್ಮಲ್ಲಿ ಅಷ್ಟು ದೊಡ್ಡ ಕ್ರೀಡಾಂಗಣವಿಲ್ಲ, ತುಂಬುವ ಪ್ರಶ್ನೆಯೂ ಇಲ್ಲ. ಬೇಕಾದುದು ಅಲ್ಪ. ನಮ್ಮ ತಂಡದ ಹನ್ನೊಂದು ಜನರ ಹೆಸರು ತಿಳಿದಿರಬೇಕು, ಒಂದು ತಮಟೆ ಬೇಕು, ಕೊನೆಯ ಸೀಟಿಯವರೆಗೂ ನಿಲ್ಲುವ ಕಾಲು ಬೇಕು. ಎದುರಾಳಿ ಒಳ್ಳೆಯ ಗೋಲು ಹೊಡೆದರೆ ಅದಕ್ಕೂ ತಟ್ಟುವ ಕೈ ಬೇಕು. ಮುಂದಿನ ಪಂದ್ಯದ ದಿನ ಸೂಚನಾ ಫಲಕದಲ್ಲಿ ಬಂದಾಗ ಇಪ್ಪತ್ತನೆಯವರಾಗಿ ಯಾರು ಬರುತ್ತೀರಿ?