ಸ್ನಾತಕೋತ್ತರ ವಿದ್ಯಾರ್ಥಿಗೆ ಆರ್ಥಿಕ ಆಸರೆ

ಪದವಿ ತರಗತಿಯವರೆಗೆ ಮನೆಯ ಅನ್ನವನ್ನುಂಡು ಓದಿದ ವಿದ್ಯಾರ್ಥಿಗೆ ಮುಂದಿನ ಮೆಟ್ಟಿಲು ದುರ್ಗಮವಾಗುವುದು ಬಹುಮಟ್ಟಿಗೆ ಬುದ್ಧಿಯ ಕೊರತೆಯಿಂದಲ್ಲ, ಹಣದ ಕೊರತೆಯಿಂದ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಯ ಮಕ್ಕಳು ಹಾಸನದ ಹೇಮಗಂಗೋತ್ರಿಗೋ ಮೈಸೂರಿನ ಮಾನಸಗಂಗೋತ್ರಿಗೋ ಹೊರಟೊಡನೆ ಶುಲ್ಕದ ಜೊತೆಗೆ ವಸತಿ, ಊಟ, ಪುಸ್ತಕ, ಪ್ರಯಾಣಗಳ ಭಾರವೂ ಒಮ್ಮೆಗೇ ಬೀಳುತ್ತದೆ. ಒಕ್ಕಲುಮನೆಯ ಹಣವಾದರೋ ಬೆಳೆಯನ್ನು ಅನುಸರಿಸಿ ಬರತಕ್ಕದ್ದು. ಅರಕಲಗೂಡಿನ ಹೊಗೆಸೊಪ್ಪು ಹರಾಜಾಗಬೇಕು. ಹಾಸನದ ಆಲೂಗೆಡ್ಡೆ ಮಂಡಿ ಸೇರಬೇಕು. ಚನ್ನರಾಯಪಟ್ಟಣದ ಕೊಬ್ಬರಿಗೆ ಬೆಲೆ ಬರಬೇಕು. ಪ್ರವೇಶದ ಕಡೆಯ ದಿನ ಇವುಗಳಿಗಾಗಿ ಕಾಯುವುದಿಲ್ಲ. ಈ ಅಂತರದಲ್ಲಿಯೇ ಎಷ್ಟೋ ಮಕ್ಕಳ ಓದು ನಿಂತುಹೋಗುತ್ತದೆ.

ಹಿಂದಿನವರು ಈ ಕಷ್ಟವನ್ನು ವಾರಾನ್ನದಿಂದಲೂ ಧರ್ಮಛತ್ರಗಳಿಂದಲೂ ದಾಟಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು (1931–2025) ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು, ಭಿಕ್ಷಾನ್ನ ವಾರಾನ್ನಗಳಿಂದ ಶಾಲೆ ಕಲಿತು, ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದು, ಬರೋಡೆಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಗಳಿಸಿದರು. ಅಂತಹ ಅಸಾಧಾರಣ ದೃಢತೆ ಪ್ರತಿಯೊಬ್ಬ ಬಡ ವಿದ್ಯಾರ್ಥಿಯಲ್ಲಿಯೂ ಇರಲಿ ಎಂದು ಸಮಾಜವು ಬಯಸುವುದು ನ್ಯಾಯವಲ್ಲ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲುನಿಲ್ದಾಣದ ಬಳಿ ಕಟ್ಟಿಸಿ 1903ರಲ್ಲಿ ಉದ್ಘಾಟನೆಗೊಂಡ ಛತ್ರವೂ ಅದರೊಡನೆ ಬೆಳೆದ ಉಚಿತ ವಿದ್ಯಾರ್ಥಿನಿಲಯವೂ, ಮಠಗಳ ಅನ್ನದಾಸೋಹವೂ ಹುಟ್ಟಿದ್ದು ಸಾಧಾರಣ ವಿದ್ಯಾರ್ಥಿಗೂ ದಾರಿ ಇರಲೆಂದೇ.

ಇಂದು ದೊರೆಯುವ ನೆರವು ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಹಿಂದಿರುಗಿಸಬೇಕಾಗಿಲ್ಲದ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಅರ್ಜಿ ಸಲ್ಲುತ್ತದೆ; ಆದಾಯದ ಮಿತಿ ವರ್ಗದಿಂದ ವರ್ಗಕ್ಕೆ ಬೇರೆ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯು ಸ್ನಾತಕೋತ್ತರ ತರಗತಿಗೆ ವರ್ಷಕ್ಕೆ ಗಂಡುಮಕ್ಕಳಿಗೆ 10,000, ಹೆಣ್ಣುಮಕ್ಕಳಿಗೆ 11,000 ರೂಪಾಯಿಗಳನ್ನು ಗೊತ್ತುಮಾಡಿತು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದವರ ಊಟ ವಸತಿಗಾಗಿ ಹುಟ್ಟಿದ ವಿದ್ಯಾಸಿರಿ ಯೋಜನೆಯು ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿತ್ತು.

ಎರಡನೆಯದು ಪರೀಕ್ಷೆಯಿಂದ ಗಳಿಸುವ ವೇತನ. ಎಂಜಿನಿಯರಿಂಗ್ ಸ್ನಾತಕೋತ್ತರಕ್ಕೆ ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಗೊತ್ತಾಗಿದೆ. ಎಂ.ಎ., ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೋಗುವವರಿಗೆ ನೆಟ್ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನಾ ವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000ಕ್ಕೂ, ಎರಡು ವರ್ಷಗಳ ತರುವಾಯದ ಹಿರಿಯ ವೇತನವನ್ನು 42,000ಕ್ಕೂ ಏರಿಸಲಾಯಿತು. ಹಳ್ಳಿಯ ಕಡೆಯ ಅನೇಕರು ಇದನ್ನು ಕೇವಲ ಅಧ್ಯಾಪಕ ಹುದ್ದೆಯ ಪರೀಕ್ಷೆಯೆಂದು ತಿಳಿದು, ಸಂಶೋಧನೆಯ ಆಸೆಯನ್ನೇ ಬಿಡುತ್ತಾರೆ.

ಮೂರನೆಯದು ಸಾಲ. ಬ್ಯಾಂಕುಗಳ ಮಾದರಿ ವಿದ್ಯಾಸಾಲದಲ್ಲಿ 4 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಕಂತು ಆರಂಭವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಆದರೆ ಬಡ್ಡಿ ಅಷ್ಟರವರೆಗೆ ಸುಮ್ಮನಿರುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯು, ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವ, 8 ಲಕ್ಷದೊಳಗಿನ ವಾರ್ಷಿಕ ವರಮಾನದ ಮನೆಯವರಿಗೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ ಮೂರರ ರಿಯಾಯಿತಿಯನ್ನು ಕಲ್ಪಿಸಿದೆ. ಆದುದರಿಂದ ಮೊದಲೆರಡು ಬಾಗಿಲುಗಳನ್ನು ತಟ್ಟಿದ ಮೇಲೆಯೇ ಸಾಲದ ಬಾಗಿಲಿಗೆ ಹೋಗುವುದು ವಿವೇಕ.

ಇಷ್ಟು ನೆರವಿದ್ದೂ ವಿದ್ಯಾರ್ಥಿ ಎಡವುವುದು ಎರಡು ಕಡೆ. ಒಂದು, ಕಾಗದಪತ್ರ. ಅಂಕಪಟ್ಟಿಯ ಹೆಸರು ಒಂದು, ಆಧಾರ್ ಚೀಟಿಯ ಹೆಸರು ಇನ್ನೊಂದು. ನಾಡಕಚೇರಿಯ ಜಾತಿ, ಆದಾಯ ಪತ್ರಗಳ ಅವಧಿ ಮುಗಿದಿರುತ್ತದೆ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಪ್ರೌಢಶಾಲೆಯ ಉಪಾಧ್ಯಾಯರು ಹತ್ತನೆಯ ತರಗತಿಯಲ್ಲಿಯೇ ಹೆಸರನ್ನು ತಾಳೆನೋಡಿ ತಿದ್ದಿಸಿದರೆ ಐದಾರು ವರ್ಷಗಳ ಅನಂತರದ ಅಲೆದಾಟ ತಪ್ಪುತ್ತದೆ.

ಇನ್ನೊಂದು, ಕಾಲ. ವೇತನ ಮಂಜೂರಾದರೂ ಕೈಸೇರುವುದು ಪ್ರವೇಶವಾಗಿ ತಿಂಗಳುಗಳು ಕಳೆದ ಮೇಲೆ. ಈ ನಡುಗಾಲವನ್ನು ತುಂಬುವ ಕೆಲಸ ಸರ್ಕಾರದಿಂದ ಆಗದು. ಹಳೆಯ ವಿದ್ಯಾರ್ಥಿಗಳಿಂದಲೂ ದಾನಿಗಳಿಂದಲೂ ಆದೀತು. ಒಂದು ಲಕ್ಷ ರೂಪಾಯಿಯ ನಿಧಿಯಿಂದ ಹತ್ತು ಮಂದಿಗೆ ತಲಾ ಹತ್ತು ಸಾವಿರವನ್ನು ಬಡ್ಡಿಯಿಲ್ಲದೆ ಕೈಗಡವಾಗಿ ಕೊಟ್ಟು, ವೇತನ ಬಂದಾಗ ಹಿಂದಕ್ಕೆ ಪಡೆದರೆ, ಮರುವರ್ಷ ಅದೇ ಹಣ ಮತ್ತೆ ಹತ್ತು ಮಂದಿಗೆ ಒದಗುತ್ತದೆ. ಪಡೆದವನು ದೀನನೆನಿಸುವುದಿಲ್ಲ; ಕೊಟ್ಟವನ ಮೂಲಧನ ಕರಗುವುದಿಲ್ಲ. ಕಾಯಕ ಮಾಡಿ ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸುವ ನಾಡಿನಲ್ಲಿ ಇದು ಹೊಸ ಮಾತೇನೂ ಅಲ್ಲ. ದಾಸೋಹದ ಪಂಕ್ತಿ ಅನ್ನದ ಎಲೆಯಲ್ಲಿಯೇ ಮುಗಿಯದೆ ವಿಶ್ವವಿದ್ಯಾನಿಲಯದ ಬಾಗಿಲವರೆಗೂ ಸಾಗಬೇಕಾಗಿದೆ.